ಪಿಕಪ್ಪು ಗೊತ್ತಿತ್ತು, ವೇಗೋತ್ಕರ್ಷ ಗೊತ್ತಿರಲಿಲ್ಲ

ಜುಲೈ ತಿಂಗಳ ಒಂದು ರಾತ್ರಿ. ಊಟ ಮುಗಿದು ತಟ್ಟೆ ಎತ್ತಿಡುವ ಹೊತ್ತು. ಅಕ್ಕನ ಮಗಳು ಪುಸ್ತಕ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದ್ದಳು. ಪಿಯುಸಿ ಓದಲು ಬೆಂಗಳೂರಿನ ನಮ್ಮ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು ಅಷ್ಟೆ.

"ಮಾವ, ಒಂದು ಚೆಂಡನ್ನ ನೇರ ಮೇಲಕ್ಕೆ ಎಸೀತೀವಿ ಅಂದ್ಕೊಳ್ಳಿ. ತುತ್ತತುದಿಗೆ ಹೋದಾಗ ಅದರ ಆಕ್ಸಿಲರೇಶನ್ ಎಷ್ಟು?"

"ಸೊನ್ನೆ," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಹಿಂದೆ ಉತ್ತರ 9.8 ಅಂತ ಕೊಟ್ಟಿದ್ದಾರೆ."

"ಅಚ್ಚಿನ ತಪ್ಪಿರಬೇಕು ಬಿಡು. ಮೇಲೆ ಹೋದ ಚೆಂಡು ಅಲ್ಲಿ ಒಂದು ಗಳಿಗೆ ನಿಲ್ಲುತ್ತೆ ಅಲ್ವಾ? ನಿಂತಿದ್ದಕ್ಕೆ ಎಂಥ ಆಕ್ಸಿಲರೇಶನ್?"

ಅವಳು ತಲೆಯಾಡಿಸಿ ಹೋದಳು. ನಾನು ತಟ್ಟೆ ತೊಳೆಯಲು ನಿಂತೆ. ಎರಡನೇ ತಟ್ಟೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಅದೇ ಪ್ರಶ್ನೆ ನಾನು ಪಿಯುಸಿಯಲ್ಲಿದ್ದಾಗಲೂ ಇತ್ತು. ಅವತ್ತೂ ಸೊನ್ನೆ ಎಂದೇ ಬರೆದಿದ್ದೆ. ಅವತ್ತೂ ಅದು ತಪ್ಪಾಗಿತ್ತು. ಸರಿ ಉತ್ತರವನ್ನು ಕೆಂಪು ಮಸಿಯಲ್ಲಿ ತಿದ್ದಿ ಕೊಟ್ಟಿದ್ದರು. ನಾನು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಪಾಸಾಗಿ, ಮರೆತೂ ಬಿಟ್ಟಿದ್ದೆ. ಈಗ ಬ್ಯಾಂಕಿನಲ್ಲಿ ಕೆಲಸ. ವಯಸ್ಸು ನಲವತ್ತಮೂರು. ಇಪ್ಪತ್ತೇಳು ವರ್ಷ ಆದರೂ ನನ್ನ ಉತ್ತರ ಇದ್ದಲ್ಲೇ ಇತ್ತು. ಚೆಂಡಿಗಿಂತ ನಾನೇ ಜಾಸ್ತಿ ಹೊತ್ತು ನಿಂತುಬಿಟ್ಟಿದ್ದೆ!

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಲ್ಲಿ ಚಲನೆ ಎಂಬ ಪಾಠವಿತ್ತು. ಜವ, ವೇಗ, ಸ್ಥಾನಪಲ್ಲಟ, ವೇಗೋತ್ಕರ್ಷ. ಹುಡುಗಿ ಕೇಳಿದ ಆಕ್ಸಿಲರೇಶನ್ ಎಂದರೆ ಈ ವೇಗೋತ್ಕರ್ಷವೇ. ಸಾಲಾಗಿ ನಾಲ್ಕು ವ್ಯಾಖ್ಯೆ, ಕೆಳಗೆ ಏಕಮಾನ. ಪಿಯುಸಿಗೆ ಬಂದ ಮೇಲೆ ಅದೇ ಪಾಠ ಇಂಗ್ಲಿಷಿನಲ್ಲಿ ಶುರುವಾಯಿತು. ಅದಕ್ಕೆ ಕೈನೆಮ್ಯಾಟಿಕ್ಸ್ ಎಂದು ಹೆಸರು. ಮೊದಲ ವಾರ ನಾನು ಅದನ್ನು ಯಾವುದೋ ಬೇರೆಯೇ ವಿಷಯ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ವರ್ಷ ನನಗೆ ಗೊತ್ತಿದ್ದದ್ದು ಒಂದು ಜಪ: "ವಿ ಈಕ್ವಲ್ ಟು ಯು ಪ್ಲಸ್ ಎಟಿ." ವಿ ಕೊನೆಯ ವೇಗ, ಯು ಶುರುವಿನ ವೇಗ, ಎ ವೇಗೋತ್ಕರ್ಷ, ಟಿ ಹೊತ್ತು. ಹಾಸ್ಟೆಲಿನ ವರಾಂಡದಲ್ಲಿ ಬೆಳಗಿನ ಜಾವ ಹತ್ತು ಜನ ಓಡಾಡುತ್ತಾ ಹೇಳುತ್ತಿದ್ದೆವು. ಸಂಧ್ಯಾವಂದನೆಯ ಮಂತ್ರದಂತೆ. ಅರ್ಥ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಲೆಕ್ಕ ಮಾತ್ರ ಸರಿಯಾಗಿ ಬರುತ್ತಿತ್ತು. ಕೊಟ್ಟಿರುವ ಮೂರು ಸಂಖ್ಯೆ ಯಾವ ಸೂತ್ರಕ್ಕೆ ಹೊಂದುತ್ತವೆ ನೋಡು, ಹಾಕು, ನಾಲ್ಕನೆಯದನ್ನು ತೆಗೆ. ಸಾಮಾನಿನ ಅಂಗಡಿಯಲ್ಲಿ ಚೀಟಿ ನೋಡಿ ಡಬ್ಬ ತೆಗೆಯುವ ಹಾಗೆ.

ಮಾರನೇ ದಿನ ಸಂಜೆ ನಾನೇ ಪುಸ್ತಕ ಕೇಳಿ ತೆಗೆದುಕೊಂಡೆ. ಹುಡುಗಿಗೆ ಆಶ್ಚರ್ಯ. "ಅಚ್ಚಿನ ತಪ್ಪಾ ಮಾವ?" ಎಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ.

ಮೊದಲು ಕಾಡಿದ್ದು ಮಾತಿನ ಸಮಸ್ಯೆ. ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ವೇಗ, ಜೋರು, ಸ್ಪೀಡು ಎಲ್ಲ ಒಂದೇ. ಜವ ಎಂಬ ಪದವನ್ನು ಪಾಠಪುಸ್ತಕದ ಹೊರಗೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಆದರೆ ಭೌತಶಾಸ್ತ್ರಕ್ಕೆ ಅದು ಬೇಕು. ಸ್ಕೂಟರಿನ ಮುಳ್ಳು ತೋರಿಸುವುದು ಜವ. ಎಷ್ಟು ಜೋರು ಹೋಗುತ್ತಿದ್ದೇವೆ ಎಂಬುದು ಮಾತ್ರ. ವೇಗ ಎಂದರೆ ಜೋರಿನ ಜೊತೆಗೆ ದಿಕ್ಕು. ತುಮಕೂರಿನ ಕಡೆಗೆ 60 ಮತ್ತು ತುಮಕೂರಿನಿಂದ ಈ ಕಡೆಗೆ 60, ಮುಳ್ಳಿಗೆ ಎರಡೂ ಒಂದೇ. ವೇಗದ ಲೆಕ್ಕದಲ್ಲಿ ಒಂದು ಪ್ಲಸ್, ಇನ್ನೊಂದು ಮೈನಸ್.

ದೂರ ಮತ್ತು ಸ್ಥಾನಪಲ್ಲಟಕ್ಕೂ ಇದೇ ಕಥೆ. ಬೆಳಿಗ್ಗೆ ನಾನು ಪಾರ್ಕಿನಲ್ಲಿ ಐದು ಸುತ್ತು ನಡೆಯುತ್ತೇನೆ. ದೂರ ಎರಡು ಕಿಲೋಮೀಟರು. ಹೊರಟ ಗೇಟಿಗೇ ಬಂದು ನಿಲ್ಲುವುದರಿಂದ ಸ್ಥಾನಪಲ್ಲಟ ಸೊನ್ನೆ. ಇದನ್ನು ಹುಡುಗಿಗೆ ವಿವರಿಸುತ್ತಿದ್ದಾಗ ನನ್ನ ಹೆಂಡತಿ ಒಳಗಿನಿಂದಲೇ, "ಅದಕ್ಕೇ ಹೊಟ್ಟೆ ಕರಗಿಲ್ಲ," ಎಂದಳು. ಆ ಪಾಠ ಅಲ್ಲಿಗೆ ಮುಗಿಯಿತು.

ಕಷ್ಟ ಇದ್ದದ್ದು ಮೂರನೆಯದರಲ್ಲಿ. ವೇಗೋತ್ಕರ್ಷ. ಈ ಪದದ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. ಉತ್ಕರ್ಷ ಎಂದರೆ ಏಳಿಗೆ, ಮೇಲೇರುವುದು. ಹಾಗಾಗಿ ವೇಗ ಕಮ್ಮಿಯಾಗುವುದೂ ವೇಗೋತ್ಕರ್ಷವೇ ಎಂದರೆ ಮನಸ್ಸು ಒಪ್ಪುವುದಿಲ್ಲ. ಪದವೇ ತಪ್ಪು ದಾರಿಗೆ ಎಳೆಯುತ್ತದೆ. ಇಂಗ್ಲಿಷಿನ ಪದವೂ ಅಷ್ಟೇನೂ ವಾಸಿಯಲ್ಲ, ಅಲ್ಲೂ ಕಾಲು ಒತ್ತಿದರೆ ಮುಂದೆ ನುಗ್ಗುವ ಆಕ್ಸಿಲರೇಟರ್ ನೆನಪಾಗುತ್ತದೆ. ಬ್ರೇಕೂ ಒಂದು ಆಕ್ಸಿಲರೇಟರೇ ಎಂದು ನಮ್ಮ ಡ್ರೈವಿಂಗ್ ಸ್ಕೂಲಿನವರಿಗೆ ಹೇಳಿದ್ದರೆ ದುಡ್ಡು ವಾಪಸು ಕೊಟ್ಟು ಕಳಿಸುತ್ತಿದ್ದರು.

ಮೂರನೇ ದಿನ ಸ್ಕೂಟರ್ ರಿಪೇರಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಕೇಳಿದ: "ಏನ್ ಸಾರ್ ಪ್ರಾಬ್ಲಮ್ಮು?" ನಾನು ಹೇಳಿದೆ: "ಸ್ಪೀಡ್ ಹೋಗುತ್ತಪ್ಪ, ಅರವತ್ತು ಮುಟ್ಟುತ್ತೆ. ಆದರೆ ಪಿಕಪ್ ಇಲ್ಲ."

ಹೇಳಿ ಎರಡು ಹೆಜ್ಜೆ ನಡೆದವನು ಅಲ್ಲೇ ನಿಂತೆ. ಪಿಕಪ್!

ಎಷ್ಟು ಸ್ಪೀಡ್ ಹೋಗುತ್ತದೆ ಎನ್ನುವುದು ಒಂದು ಮಾತು, ಎಷ್ಟು ಬೇಗ ಆ ಸ್ಪೀಡ್ ಮುಟ್ಟುತ್ತದೆ ಎನ್ನುವುದು ಇನ್ನೊಂದು ಮಾತು. ಇದು ನಮ್ಮೂರಿನ ಪ್ರತಿ ಹುಡುಗನಿಗೂ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ಆರ್‌ಎಕ್ಸ್ 100 ಬೈಕಿಗೆ ಯಾಕೆ ಎಲ್ಲರೂ ಸಾಯುತ್ತಿದ್ದರು? ಅದರ ಪಿಕಪ್ಪಿಗೆ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ತಕ್ಷಣ ಮುಂದೆ ಹಾರುತ್ತಿತ್ತು. ಲೋಡು ಹಾಕಿದ ಲಾರಿಯೂ ಹೈವೇಯಲ್ಲಿ ಕೊನೆಗೆ ಅರವತ್ತು ಮುಟ್ಟುತ್ತದೆ, ಆದರೆ ಅದಕ್ಕೆ ಬೇಕಾದ ಹೊತ್ತು ಬೇರೆ. ವೇಗ ಮತ್ತು ವೇಗೋತ್ಕರ್ಷದ ನಡುವಿನ ವ್ಯತ್ಯಾಸ ಪೂರ್ತಿ ಇದೇ. ಹದಿನಾರನೇ ವಯಸ್ಸಿನಲ್ಲಿ ರಸ್ತೆಯಲ್ಲಿ ನಿಂತು ಇದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆ. ಕ್ಲಾಸಿನ ಒಳಗೆ ಹೋದರೆ ಏನೂ ಗೊತ್ತಿಲ್ಲದವನಂತೆ ಕೂರುತ್ತಿದ್ದೆ.

ಮನೆಗೆ ಬಂದು ಹುಡುಗಿಗೆ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಸೆಕೆಂಡು ಎರಡು ಸಲ ಬರೋದು ಅದಕ್ಕೇನಾ?" ಎಂದಳು. ಒಳ್ಳೆಯ ಪ್ರಶ್ನೆ. ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ಡ್ ಎಂದು ಬರೆಯುವಾಗ ಸೆಕೆಂಡಿನ ವರ್ಗ ಎಂದರೆ ಏನು, ಅದು ಯಾವ ಲೋಕದ ವಸ್ತು ಎಂದು ನಾನೂ ಯೋಚಿಸಿದ್ದೆ. ವರ್ಗವೂ ಇಲ್ಲ, ಏನೂ ಇಲ್ಲ. ಸ್ಕೂಟರು ನಾಲ್ಕು ಸೆಕೆಂಡಿನಲ್ಲಿ ನಿಂತಲ್ಲಿಂದ ಗಂಟೆಗೆ 36 ಕಿ.ಮೀ. ಮುಟ್ಟಿತು ಅನ್ನಿ. ಅದು ಸೆಕೆಂಡಿಗೆ 10 ಮೀಟರ್. ಅಂದರೆ ಪ್ರತಿ ಸೆಕೆಂಡಿಗೂ ಅದರ ವೇಗಕ್ಕೆ ಎರಡೂವರೆ ಸೇರುತ್ತಾ ಹೋಯಿತು. ಸೆಕೆಂಡಿಗೆ ಎರಡೂವರೆ ಮೀಟರ್, ಅದೂ ಪ್ರತಿ ಸೆಕೆಂಡಿಗೆ. ಮೊದಲ ಸೆಕೆಂಡು ವೇಗದ್ದು, ಎರಡನೆಯದು ವೇಗ ಬದಲಾಗುವುದರದ್ದು. ಅದೇ ವೇಗಕ್ಕೆ ಬರಲು ಬಸ್ಸಿಗೆ ಹತ್ತು ಸೆಕೆಂಡು ಬೇಕಾದರೆ ಅದರ ಪಿಕಪ್ಪು ಒಂದು.

ಇಷ್ಟಾದರೂ ಚೆಂಡು ಮಾತ್ರ ಬಗೆಹರಿಯಲಿಲ್ಲ. ತುದಿಯಲ್ಲಿ ನಿಂತಿರುವ ಚೆಂಡಿಗೆ ಪಿಕಪ್ಪು ಎಲ್ಲಿಂದ? ಮಾರನೇ ದಿನ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ನೋಡುತ್ತಿದ್ದಾಗ ದಾರಿ ಹೊಳೆಯಿತು. ನನ್ನ ಕಸುಬೇ ನನ್ನ ಸಹಾಯಕ್ಕೆ ಬಂದದ್ದು ಅಪರೂಪ, ಆದ್ದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಒಬ್ಬರು ಹೊಸದಾಗಿ ಖಾತೆ ತೆರೆದರು. ಮೊದಲ ತಿಂಗಳು 3000 ರೂಪಾಯಿ ಕಟ್ಟಿದರು. ಎರಡನೇ ತಿಂಗಳು 2000. ಮೂರನೇ ತಿಂಗಳು 1000. ನಾಲ್ಕನೇ ತಿಂಗಳು ಏನೂ ಇಲ್ಲ. ಐದನೇ ತಿಂಗಳು 1000 ತೆಗೆದರು. ಆರನೇ ತಿಂಗಳು 2000, ಏಳನೇ ತಿಂಗಳು 3000 ತೆಗೆದರು. ಈಗ ಖಾತೆಯಲ್ಲಿ ಉಳಿದ ಹಣ ನೋಡಿ: 3000, 5000, 6000, 6000, 5000, 3000, ಕೊನೆಗೆ ಸೊನ್ನೆ. ಏರಿ, ತುದಿ ಮುಟ್ಟಿ, ಇಳಿಯಿತು. ಥೇಟ್ ಚೆಂಡಿನ ಹಾಗೆ.

ಖಾತೆಯಲ್ಲಿರುವ ಹಣ ಚೆಂಡಿನ ಎತ್ತರ. ತಿಂಗಳಿಗೆ ಕಟ್ಟುವ ಮೊತ್ತ ಅದರ ವೇಗ. ತೆಗೆದರೆ ಮೈನಸ್. ಕಟ್ಟುವ ಮೊತ್ತ ತಿಂಗಳಿಂದ ತಿಂಗಳಿಗೆ ಎಷ್ಟು ಬದಲಾಯಿತು ಎನ್ನುವುದು ವೇಗೋತ್ಕರ್ಷ. ಮೂರರಿಂದ ಎರಡು ಸಾವಿರಕ್ಕೆ ಇಳಿದಾಗ ಮೈನಸ್ 1000. ಒಂದು ಸಾವಿರದಿಂದ ಸೊನ್ನೆಗೆ ಇಳಿದಾಗಲೂ ಮೈನಸ್ 1000. ಸೊನ್ನೆಯಿಂದ ತೆಗೆಯುವ ಕಡೆಗೆ ತಿರುಗಿದಾಗಲೂ ಮೈನಸ್ 1000. ನಾಲ್ಕನೇ ತಿಂಗಳು ಆ ಮನುಷ್ಯ ಏನೂ ಕಟ್ಟಲಿಲ್ಲ, ನಿಜ. ಆದರೆ ಅವರ ಬುದ್ಧಿ ಬದಲಾಗಿರಲಿಲ್ಲ. ತಿಂಗಳಿಗೆ ಸಾವಿರ ಕಮ್ಮಿ ಮಾಡುತ್ತಾ ಹೋಗುವ ಬುದ್ಧಿ ಮೊದಲ ತಿಂಗಳಿನಿಂದ ಕೊನೆಯವರೆಗೂ ಒಂದೇ ಸಮನೆ ಇತ್ತು.

ಚೆಂಡನ್ನು ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ಒಂದು ಸೆಕೆಂಡಾದ ಮೇಲೆ ವೇಗ 9.8. ಎರಡು ಸೆಕೆಂಡಾದ ಮೇಲೆ ಸೊನ್ನೆ. ಮೂರಕ್ಕೆ ಮೈನಸ್ 9.8. ನಾಲ್ಕಕ್ಕೆ ಮೈನಸ್ 19.6, ಆಗ ಚೆಂಡು ಕೈಗೆ ವಾಪಸು. ಪ್ರತಿ ಸೆಕೆಂಡಿಗೂ 9.8 ಕಳೆಯುತ್ತಾ ಹೋಗಿದೆ, ಎಲ್ಲೂ ಬಿಡುವಿಲ್ಲ. ಹುಡುಗಿಗೆ ಇದನ್ನು ಹೇಳಿದಾಗ ಅವಳು ನನಗಿಂತ ಒಂದು ಹೆಜ್ಜೆ ಮುಂದೆ ಹೋದಳು. "ತುದೀಲಿ ಆಕ್ಸಿಲರೇಶನ್ ಸೊನ್ನೆ ಆಗಿದ್ರೆ ವೇಗ ಬದಲಾಗೋದೇ ನಿಲ್ಲಬೇಕಿತ್ತು. ವೇಗ ಸೊನ್ನೆ, ಅದು ಬದಲಾಗಲ್ಲ ಅಂದ್ರೆ ಚೆಂಡು ಅಲ್ಲೇ ನೇತಾಡ್ಕೊಂಡು ಇರ್ಬೇಕಿತ್ತು, ಅಲ್ವಾ ಮಾವ?"

ಅಲ್ವಾ ಮತ್ತೆ! ಇಪ್ಪತ್ತೇಳು ವರ್ಷ ನನ್ನ ತಲೆಯಲ್ಲಿ ಒಂದು ಚೆಂಡು ಆಕಾಶದಲ್ಲಿ ನೇತಾಡುತ್ತಲೇ ಇತ್ತು.

ಮೈನಸ್ ಎಂದರೆ ನಿಧಾನ ಆಗುವುದು ಎಂದು ನಾನು ನಂಬಿದ್ದೂ ಇಲ್ಲಿಯೇ ಬಿದ್ದುಹೋಯಿತು. ಕೆಳಗೆ ಬೀಳುವ ಚೆಂಡಿನ ವೇಗೋತ್ಕರ್ಷವೂ ಮೈನಸ್, ಆದರೆ ಅದು ಜೋರಾಗುತ್ತಿದೆ. ಮೈನಸ್ ಎನ್ನುವುದು ದಿಕ್ಕು ಅಷ್ಟೆ. ಮೇಲೆ ಪ್ಲಸ್ ಎಂದು ನಾವೇ ಇಟ್ಟುಕೊಂಡೆವು, ಆದ್ದರಿಂದ ಕೆಳಗೆ ಮೈನಸ್. ವೇಗವೂ ವೇಗೋತ್ಕರ್ಷವೂ ಒಂದೇ ಕಡೆಗಿದ್ದರೆ ಜೋರಾಗುತ್ತದೆ. ಎದುರುಬದುರಾದರೆ ನಿಧಾನ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಹುಡುಗಿ ಬಿಡಲಿಲ್ಲ. ಅವಳ ಗೆಳತಿಯೊಬ್ಬಳು ಫೋನಿನಲ್ಲೇ ವೇಗೋತ್ಕರ್ಷ ಅಳೆಯುವ ಆಪ್ ತೋರಿಸಿದ್ದಳಂತೆ. ನನ್ನ ಫೋನಿಗೂ ಹಾಕಿದಳು. ಮೇಜಿನ ಮೇಲೆ ಸುಮ್ನೆ ಇಟ್ಟ ಫೋನು 9.8 ಎಂದು ತೋರಿಸಿತು. ಅಲುಗಾಡದೆ ಕೂತ ಫೋನಿಗೆ 9.8! ಅದನ್ನು ಹಾಸಿಗೆಯ ಮೇಲೆ ಮೆತ್ತಗೆ ಎಸೆದು ಆಮೇಲೆ ಗೆರೆ ನೋಡಿದರೆ, ಗಾಳಿಯಲ್ಲಿದ್ದಷ್ಟು ಹೊತ್ತೂ ಸೊನ್ನೆಯ ಹತ್ತಿರ. ನನಗೆ ಒಂದು ಕ್ಷಣ ಗೆದ್ದಷ್ಟು ಖುಷಿ. ನೋಡು, ನನ್ನ ಹಳೇ ಉತ್ತರವೇ ಸರಿ!

ಸರಿಯೇನೂ ಇರಲಿಲ್ಲ. ತುದಿಯಲ್ಲಿ ಮಾತ್ರವಲ್ಲ, ಏರುವಾಗಲೂ ಇಳಿಯುವಾಗಲೂ ಅದು ಸೊನ್ನೆಯನ್ನೇ ತೋರಿಸಿತ್ತು. ಎರಡು ದಿನ ಓದಿದ ಮೇಲೆ ಅರ್ಥವಾಯಿತು. ಫೋನಿನೊಳಗೆ ಒಂದು ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕು ಸ್ಪ್ರಿಂಗಿನಂಥ ಕಾಲುಗಳ ಮೇಲೆ ಕೂತಿರುತ್ತದೆ. ಆ ಕಾಲು ಎಷ್ಟು ಬಾಗಿತು ಎಂಬುದನ್ನು ಮಾತ್ರ ಫೋನು ಅಳೆಯುತ್ತದೆ. ಮೇಜಿನ ಮೇಲಿದ್ದಾಗ ಮೇಜು ಕೆಳಗಿನಿಂದ ಒತ್ತಿ ಹಿಡಿದಿರುವುದರಿಂದ ಕಾಲು ಬಾಗಿರುತ್ತದೆ. ಗಾಳಿಯಲ್ಲಿ ಫೋನು, ತುಣುಕು ಎಲ್ಲ ಒಟ್ಟಿಗೇ ಬೀಳುತ್ತವೆ, ಯಾರೂ ಯಾರನ್ನೂ ಒತ್ತುವುದಿಲ್ಲ. ಅಂದರೆ ಫೋನಿಗೆ ಬೀಳುವುದು ಗೊತ್ತೇ ಆಗುವುದಿಲ್ಲ. ನಮ್ಮ ಪಾಠದ ವೇಗೋತ್ಕರ್ಷ ಬೇಕಾದರೆ ಹೊರಗೆ ನಿಂತು ನೋಡಬೇಕು.

ಹೊರಗೆ ನಿಂತು ನೋಡುವುದೇ ಕೈನೆಮ್ಯಾಟಿಕ್ಸ್. ವಸ್ತು ಯಾಕೆ ಚಲಿಸಿತು ಎಂದು ಅದು ಕೇಳುವುದಿಲ್ಲ. ಯಾರು ತಳ್ಳಿದರು, ಎಷ್ಟು ಬಲ, ಎಷ್ಟು ತೂಕ, ಯಾವುದೂ ಬೇಡ. ಯಾವ ಹೊತ್ತಿಗೆ ಎಲ್ಲಿತ್ತು, ಅಷ್ಟು ಸಾಕು. 1834ರಲ್ಲಿ ಫ್ರಾನ್ಸಿನ ಆಂಪಿಯರ್, ಹೌದು, ಕರೆಂಟನ್ನು ಅಳೆಯುವ ಆಂಪ್ಸ್‌ಗೆ ಹೆಸರು ಕೊಟ್ಟವರೇ, ಈ ಶಾಸ್ತ್ರಕ್ಕೆ ಗ್ರೀಕಿನ ಚಲನೆ ಎಂಬ ಪದದಿಂದ ಹೆಸರು ಕಟ್ಟಿದರು. ಅದೇ ಬೇರಿನಿಂದ ಮುಂದೆ ಸಿನಿಮಾ ಎಂಬ ಪದವೂ ಬಂತು. ಇದು ತಿಳಿದ ದಿನ ಆ ಹೆಸರಿನ ಮೇಲಿದ್ದ ಹೆದರಿಕೆ ಅರ್ಧ ಹೋಯಿತು. ಸಿನಿಮಾದ ರೀಲನ್ನು ಒಂದೊಂದೇ ಚಿತ್ರ ನಿಲ್ಲಿಸಿ ನೋಡುವುದು, ಅಷ್ಟೇ ತಾನೆ?

ಅದನ್ನೇ ಮಾಡಿದೆವು. ಭಾನುವಾರ ಮಧ್ಯಾಹ್ನ ಹಾಲಿನ ಗೋಡೆಗೆ ಬಡಗಿಯ ಟೇಪನ್ನು ಅಂಟಿಸಿದೆವು. ನಾನು ಒಂದು ನಿಂಬೆಹಣ್ಣನ್ನು ಟೇಪಿನ ಪಕ್ಕ ಹಿಡಿದು ಬಿಟ್ಟೆ, ಅವಳು ವಿಡಿಯೋ ತೆಗೆದಳು. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಮೂರು ಚಿತ್ರಕ್ಕೆ ಒಂದು ಸಲ ನಿಲ್ಲಿಸಿದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಮೊದಲ ಪಾಲಿನಲ್ಲಿ ನಿಂಬೆಹಣ್ಣು ಬಿದ್ದದ್ದು ಸುಮಾರು 5 ಸೆಂಟಿಮೀಟರು. ಎರಡನೆಯದರಲ್ಲಿ 14. ಮೂರನೆಯದರಲ್ಲಿ 25. ನಾಲ್ಕನೆಯದರಲ್ಲಿ 34. ಹಣ್ಣು ಚಿತ್ರದಲ್ಲಿ ಮಸುಕಾಗಿ ಕಾಣುತ್ತಿತ್ತು, ಹಾಗಾಗಿ ಒಂದರ್ಧ ಸೆಂಟಿಮೀಟರು ಆಚೀಚೆ ಇರಬಹುದು. ಆರು ನಿಂಬೆಹಣ್ಣು ಜಜ್ಜಿಹೋದವು. ಸಂಜೆ ಚಿತ್ರಾನ್ನವಾಯಿತು.

"5ರಿಂದ ಭಾಗಿಸು," ಎಂದೆ. ಭಾಗಿಸಿದಳು. ಹೆಚ್ಚು ಕಮ್ಮಿ ಒಂದು, ಮೂರು, ಐದು, ಏಳು.

ಗೋಡೆಯ ಮೇಲೆ ಬೆಸಸಂಖ್ಯೆಗಳು ಸಾಲಾಗಿ ನಿಂತಿದ್ದವು. ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಒಂದು, ಮೂರು ಕೂಡಿದರೆ ನಾಲ್ಕು. ಐದು ಸೇರಿಸಿದರೆ ಒಂಬತ್ತು. ಏಳು ಸೇರಿಸಿದರೆ ಹದಿನಾರು. ಅಂದರೆ ಹೊತ್ತು ಎರಡರಷ್ಟಾದರೆ ದೂರ ನಾಲ್ಕರಷ್ಟು, ಹೊತ್ತು ನಾಲ್ಕರಷ್ಟಾದರೆ ದೂರ ಹದಿನಾರರಷ್ಟು. ದೂರದ ಸೂತ್ರದಲ್ಲಿ ಟಿ ಸ್ಕ್ವೇರ್, ಅಂದರೆ ಹೊತ್ತಿನ ವರ್ಗ, ಎಂದು ಜಪ ಮಾಡಿದ್ದು ಇದನ್ನೇ.

ಈ ಬೆಸಸಂಖ್ಯೆಗಳನ್ನು ಕಂಡವರು ಗೆಲಿಲಿಯೋ. ಅವರ ಬಳಿ ಫೋನಿರಲಿ, ಸೆಕೆಂಡು ತೋರಿಸುವ ಗಡಿಯಾರವೂ ಇರಲಿಲ್ಲ. ನೇರ ಬೀಳುವ ವಸ್ತು ಕಣ್ಣಿಗೆ ಸಿಗುವುದಿಲ್ಲವೆಂದು ಅವರು ಬೀಳುವುದನ್ನೇ ನಿಧಾನ ಮಾಡಿದರು. ಓರೆಯಾಗಿಟ್ಟ ಉದ್ದ ಮರದ ಹಲಗೆಯಲ್ಲಿ ಕಾಲುವೆಯಂತೆ ಕೊರೆದು, ನುಣುಪಾದ ಚರ್ಮದ ಹಾಳೆ ಹಾಸಿ, ಕಂಚಿನ ಗುಂಡು ಉರುಳಿಸಿದರು. ದೊಡ್ಡ ಪಾತ್ರೆಯ ತಳದಿಂದ ಸಣ್ಣಗೆ ನೀರು ಸುರಿಯಲು ಬಿಟ್ಟು, ಗುಂಡು ಉರುಳುವಷ್ಟು ಹೊತ್ತಿನಲ್ಲಿ ಬಿದ್ದ ನೀರನ್ನು ಹಿಡಿದು ತೂಗಿದರು. ನೀರಿನ ತೂಕವೇ ಹೊತ್ತು! ಇದು 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿದೆ. ಆಗ ಅವರು ಫ್ಲಾರೆನ್ಸ್ ಹತ್ತಿರದ ಮನೆಯಲ್ಲಿ ಬಂಧನದಲ್ಲಿದ್ದರು. ಅವರ ತಂದೆ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಸಂಗೀತಗಾರ. ಗೆಲಿಲಿಯೋ ಅವರ ಹಳೆಯ ಹಾಳೆಗಳನ್ನು ಕೂತು ಓದಿದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ ಒಂದು ಊಹೆ ಮಾಡಿದ್ದಾರೆ. ಹಲಗೆಗೆ ಅಡ್ಡಲಾಗಿ ತಂತಿ ಕಟ್ಟಿ, ಗುಂಡು ದಾಟುವ ಟಕ್ ಟಕ್ ಸದ್ದನ್ನು ಹಾಡಿನ ಲಯಕ್ಕೆ ಹೊಂದಿಸಿ ನೋಡಿರಬಹುದು ಎಂದು. ಸದ್ದು ಸಮವಾಗಿ ಬರಬೇಕಾದರೆ ತಂತಿಗಳ ನಡುವಿನ ಅಂತರ ಒಂದು, ಮೂರು, ಐದು, ಏಳು. ತಾಳ ಹಾಕುತ್ತಾ ಭೌತಶಾಸ್ತ್ರ ಕಂಡುಹಿಡಿಯುವುದು! ಪೀಸಾ ಗೋಪುರದಿಂದ ಗುಂಡು ಬೀಳಿಸಿದ ಕಥೆಗಿಂತ ನನಗೆ ಇದೇ ಇಷ್ಟ. ಆ ಕಥೆಯನ್ನು ಬಹಳ ಇತಿಹಾಸಕಾರರು ನಂಬುವುದೂ ಇಲ್ಲ.

ನನಗೆ ಇನ್ನೂ ಸಮಾಧಾನ ಕೊಟ್ಟ ಸಂಗತಿ ಬೇರೆ. 1604ರಲ್ಲಿ ಗೆಲಿಲಿಯೋ ತಮ್ಮ ಸ್ನೇಹಿತ ಪಾವ್ಲೋ ಸಾರ್ಪಿಗೆ ಒಂದು ಪತ್ರ ಬರೆದರು. ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ತಕ್ಕಂತೆ ಏರುತ್ತದೆ ಎಂದು ಅದರಲ್ಲಿದೆ. ಅದು ತಪ್ಪು. ವೇಗ ಏರುವುದು ಕಳೆದ ಹೊತ್ತಿಗೆ ತಕ್ಕಂತೆ. ಬೆಸಸಂಖ್ಯೆಗಳು ಕೈಯಲ್ಲಿದ್ದರೂ ಕಾರಣ ತಪ್ಪಾಗಿ ಹಿಡಿದಿದ್ದರು, ಆಮೇಲೆ ತಾವೇ ತಿದ್ದಿಕೊಂಡರು. ಯೋಚಿಸಿದರೆ ಆ ತಪ್ಪು ಚೆನ್ನಾಗಿದೆ. ವೇಗ ದೂರಕ್ಕೆ ತಕ್ಕಂತೆ ಇದ್ದರೆ, ಇನ್ನೂ ಬೀಳದ ಕಾಯಿಯ ದೂರ ಸೊನ್ನೆ, ಆದ್ದರಿಂದ ವೇಗ ಸೊನ್ನೆ, ಆದ್ದರಿಂದ ಅದು ಹೊರಡುವುದೇ ಇಲ್ಲ. ತೆಂಗಿನಕಾಯಿ ಮರದಲ್ಲೇ ಉಳಿಯುತ್ತದೆ.

ತೆಂಗಿನಕಾಯಿ ಎಂದೆ ನೋಡಿ. ನಮ್ಮ ಕಡೆ ಮಕ್ಕಳಿಗೆ ಮೊದಲು ಹೇಳಿಕೊಡುವ ಭೌತಶಾಸ್ತ್ರ ಎಂದರೆ ಮರದ ಬುಡದಲ್ಲಿ ಕೂರಬೇಡ ಎನ್ನುವುದು. ತೋಟದಲ್ಲಿ ಮೂರು ವಸ್ತು ಬೀಳುತ್ತವೆ. ಬಲಿತ ಕಾಯಿ, ಎಳೆಯದರಲ್ಲೇ ಉದುರುವ, ಗೋಲಿಯಷ್ಟು ದಪ್ಪದ ಹರಳು, ಒಣಗಿದ ಗರಿ. ಕಾಯಿಯೂ ಹರಳೂ ಹೆಚ್ಚು ಕಮ್ಮಿ ಒಂದೇ ಹೊತ್ತು ತೆಗೆದುಕೊಳ್ಳುತ್ತವೆ. ಗರಿಯ ತುದಿ ಮಾತ್ರ ಗಾಳಿಗೆ ಹರಡಿಕೊಂಡು ಓಲಾಡುತ್ತದೆ. 15 ಮೀಟರ್ ಎತ್ತರದಿಂದ ಬಿಟ್ಟ ಕಾಯಿ ನೆಲ ಮುಟ್ಟಲು ಒಂದೂಮುಕ್ಕಾಲು ಸೆಕೆಂಡು. ಮುಟ್ಟುವಾಗ ವೇಗ ಗಂಟೆಗೆ ಸುಮಾರು 62 ಕಿ.ಮೀ. ನನ್ನ ಸ್ಕೂಟರು ಉಸಿರು ಕಟ್ಟಿಕೊಂಡು ಮುಟ್ಟುವ ವೇಗ. ಆಡುವಾಗ ಅಜ್ಜಿ ಯಾಕೆ ಹಾಗೆ ಕಿರುಚುತ್ತಿದ್ದಳು ಎಂದು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

ಮಳೆ ಹನಿಗೆ ಈ ಲೆಕ್ಕ ಹಾಕಬೇಡಿ. ಒಂದು ಕಿಲೋಮೀಟರ್ ಮೇಲಿಂದ ಬೀಳುವ ಹನಿ ಸೂತ್ರದ ಪ್ರಕಾರ ಗಂಟೆಗೆ 500 ಕಿ.ಮೀ. ವೇಗದಲ್ಲಿ ತಲೆಗೆ ಬಡಿಯಬೇಕು. ಗಾಳಿ ತಡೆಯುವುದರಿಂದ ದೊಡ್ಡ ಹನಿಯೂ ಸೆಕೆಂಡಿಗೆ 9 ಮೀಟರಿನ ಆಸುಪಾಸಿನಲ್ಲೇ ಬರುತ್ತದೆ. ಗಾಳಿ ಇಲ್ಲದ ಕಡೆ ಹೇಗಿರುತ್ತದೆ ಎಂದು 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ತೋರಿಸಿದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಕ್ಕಿಯ ಗರಿ. ಬಿಟ್ಟರೆ ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಇಷ್ಟರಲ್ಲಿ ಹುಡುಗಿ ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದ್ದಳು. "ಈ ಅರ್ಧ ಎಲ್ಲಿಂದ ಬಂತು? ಹಾಫ್ ಎಟಿ ಸ್ಕ್ವೇರ್ ಅಂತಾರಲ್ಲ, ಆ ಹಾಫ್?" ನಾನು ಹದಿನಾರನೇ ವಯಸ್ಸಿನಲ್ಲಿ ಇದನ್ನು ಕೇಳಬಹುದು ಎಂದೂ ಹೊಳೆದಿರಲಿಲ್ಲ. ಅರ್ಧ ಇದೆ, ಇರಲಿ. ಉತ್ತರ ಮಾತ್ರ ಒಂದು ಚಿತ್ರದಲ್ಲಿದೆ. ಅಡ್ಡಗೆರೆಯಲ್ಲಿ ಹೊತ್ತು, ಉದ್ದಗೆರೆಯಲ್ಲಿ ವೇಗ. ಒಂದೇ ವೇಗದಲ್ಲಿ ಹೋದರೆ ಕೆಳಗೆ ಆಯತ ಬರುತ್ತದೆ, ಅದರ ಕ್ಷೇತ್ರಫಲವೇ ಹೋದ ದೂರ. ಸೊನ್ನೆಯಿಂದ ಒಂದೇ ಸಮನೆ ವೇಗ ಏರಿದರೆ ತ್ರಿಕೋನ ಬರುತ್ತದೆ. ತ್ರಿಕೋನ ಎಂದರೆ ಆಯತದ ಅರ್ಧ. ಆ ಅರ್ಧವೇ ಈ ಅರ್ಧ. ಶುರುವಿನ ವೇಗಕ್ಕೂ ಕೊನೆಯ ವೇಗಕ್ಕೂ ಸರಾಸರಿ ತೆಗೆದು ಹೊತ್ತಿನಿಂದ ಗುಣಿಸಿದರೂ ಅದೇ. ಇದು ಗೆಲಿಲಿಯೋಗಿಂತ ಹಳೆಯದು. ಹದಿನಾಲ್ಕನೇ ಶತಮಾನದಲ್ಲೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನವರಿಗೆ ಈ ಸರಾಸರಿಯ ವಿಷಯ ಗೊತ್ತಿತ್ತು, ಫ್ರಾನ್ಸಿನ ಒರೆಸ್ಮ್ ಚಿತ್ರ ಬರೆದು ತೋರಿಸಿದ್ದರು. ಅವಳು ನೋಟ್‌ಬುಕ್ಕಿನಲ್ಲಿ ತ್ರಿಕೋನ ಬರೆದು ಪೆನ್ಸಿಲ್ಲಿನಿಂದ ತುಂಬಿದಳು. ಸೂತ್ರ ಮರೆತರೂ ಇದನ್ನು ಬರೆದು ತೆಗೆಯಬಹುದು ಅಲ್ವಾ ಎಂದಳು. ನಮ್ಮ ಹಾಸ್ಟೆಲಿನ ವರಾಂಡ ನೆನಪಾಯಿತು.

ಮೂರನೇ ಸೂತ್ರ, ವಿ ಸ್ಕ್ವೇರ್ ಇರುವುದು, ನನಗೆ ಉಪಯೋಗಕ್ಕೆ ಬಂದದ್ದು ತುಮಕೂರು ರಸ್ತೆಯಲ್ಲಿ. ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾದ ಜಾಗ ನಾಲ್ಕರಷ್ಟು. ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 6 ಮೀಟರಿನಷ್ಟು ಇಳಿಸುತ್ತದೆ ಅನ್ನಿ. 40ರಲ್ಲಿ ಹೋಗುವ ಕಾರು ಸುಮಾರು 10 ಮೀಟರಿಗೆ ನಿಲ್ಲುತ್ತದೆ. 80ರಲ್ಲಿ ಹೋಗುವುದಕ್ಕೆ 41 ಮೀಟರು. ಅದರ ಮೇಲೆ, ಎದುರಿಗೆ ಏನೋ ಬಂತೆಂದು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡು ಸೇರಿಸಿ. 40ಕ್ಕೆ ಇನ್ನೊಂದು 11 ಮೀಟರು, 80ಕ್ಕೆ 22. ಒಟ್ಟು 21 ಮತ್ತು 63. ಇದನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೆ ಹೈವೇಯಲ್ಲಿ ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವವರನ್ನು ಕಂಡರೆ ಬೆವರುತ್ತದೆ. ನಾನೂ ಹಾಗೇ ಹೋಗುತ್ತಿದ್ದವನು.

ದಸರಾ ರಜೆಗೆ ಇಬ್ಬರೂ ಊರಿಗೆ ಹೋದೆವು. ತೋಟದ ಮೂಲೆಯಲ್ಲಿ ಹಳೆಯ ತೆರೆದ ಬಾವಿಯಿದೆ. ಬೋರ್‌ವೆಲ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ನೀರಿಲ್ಲ, ಒಳಗೆಲ್ಲ ಗಿಡ ಬೆಳೆದು ತಳ ಕಾಣುವುದಿಲ್ಲ. ಹುಡುಗಿ ಕಟ್ಟೆಯ ಮೇಲೆ ಬಗ್ಗಿ, "ತಾತ, ಇದು ಎಷ್ಟು ಆಳ ಇದೆ?" ಎಂದಳು.

"ಅರವತ್ತು ಅಡಿ. ನಾನೇ ನಿಂತು ತೋಡಿಸಿದ್ದು," ಎಂದರು ಅಪ್ಪ.

"ನಾನು ಇಲ್ಲಿಂದಾನೇ ಹೇಳ್ತೀನಿ ನೋಡಿ." ಒಂದು ಕಲ್ಲು ತೆಗೆದುಕೊಂಡು ಫೋನಿನ ಸ್ಟಾಪ್‌ವಾಚ್ ಒತ್ತಿ ಬಿಟ್ಟಳು. ಕೆಳಗಿನಿಂದ ಧಪ್ ಎಂದಿತು. ಮತ್ತೆ ಬಿಟ್ಟಳು. ಹತ್ತು ಸಲ. ಸರಾಸರಿ 1.85 ಸೆಕೆಂಡು. ಸದ್ದು ಮೇಲೆ ಬರಲು ಬೇಕಾದ ಹೊತ್ತೆಂದು 0.05 ಕಳೆದಳು. ಉಳಿದದ್ದು 1.8. ವರ್ಗ ಮಾಡಿ, 9.8ರಿಂದ ಗುಣಿಸಿ, ಅರ್ಧ ಮಾಡಿದಳು. 15.9 ಮೀಟರು. ಅಂದರೆ 52 ಅಡಿ. ಅದೂ ಮೂರಡಿ ಕಟ್ಟೆ ಸೇರಿ.

"ತಾತ, ಹನ್ನೊಂದು ಅಡಿ ಕಮ್ಮಿ ಬರ್ತಿದೆ." ಮುಖ ಸಪ್ಪಗಾಯಿತು. ಬೆರಳು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ತಡವಾದರೂ ಮೂರಡಿ ಆಚೀಚೆ ಆಗುತ್ತದೆ, ಕಲ್ಲು ಅಷ್ಟು ಹೊತ್ತಿಗೆ ಅಷ್ಟು ಜೋರಾಗಿರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆದರೆ ಮೂರಡಿಗೂ ಹನ್ನೊಂದಕ್ಕೂ ದೂರವಿದೆ.

ಅಪ್ಪ ಏನೂ ಮಾತಾಡಲಿಲ್ಲ. ಕೊಟ್ಟಿಗೆಗೆ ಹೋಗಿ ಹಳೆಯ ಸೇದುವ ಹಗ್ಗ ತಂದರು. ತುದಿಗೆ ಒಂದು ಕಬ್ಬಿಣದ ತುಂಡು ಕಟ್ಟಿ ಇಳಿಬಿಟ್ಟರು. ಹಗ್ಗ ಸಡಿಲಾದ ಕಡೆ ಗಂಟು ಹಾಕಿ, ಮೇಲಕ್ಕೆಳೆದು, ಅಂಗಳದಲ್ಲಿ ಚಾಚಿ, ಟೇಪು ಹಿಡಿಯಲು ನನಗೆ ಹೇಳಿದರು. ಐವತ್ತಮೂರೂವರೆ ಅಡಿ.

"ಹೂಳು ತುಂಬಿದೆ," ಎಂದರು ಅಪ್ಪ. ಕಬ್ಬಿಣಕ್ಕೆ ಮೆತ್ತಿದ್ದ ಕಪ್ಪು ಮಣ್ಣನ್ನು ಬೆರಳಿನಿಂದ ತೆಗೆದು ನೋಡುತ್ತಾ ನಿಂತರು.